ಕೆರೆ ಕಾಣುವ ಮನೆ ಹುಡುಕುತ್ತಿರುವವರಿಗೊಂದು ಬಹಿರಂಗ ಪತ್ರ



ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳಲ್ಲೋ ವೈಟ್‌ಫೀಲ್ಡಿನ ಕಚೇರಿಗಳಲ್ಲೋ ದುಡಿಯುತ್ತ, ಕೆಲಸದ ಜಾಗಕ್ಕೆ ಹತ್ತಿರವಾಗಿ, ಬಾಲ್ಕನಿಗೆ ಬಂದು ನಿಂತರೆ ನೀರು ಕಾಣುವಂಥ ಒಂದು ಮನೆ ಸಿಕ್ಕರೆ ಸಾಕೆಂದು ಶನಿವಾರ ಭಾನುವಾರಗಳನ್ನೆಲ್ಲ ಫ್ಲ್ಯಾಟ್ ನೋಡುವುದರಲ್ಲೇ ಕಳೆಯುತ್ತಿರುವ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಮಲೆನಾಡಿನಿಂದ ಬಂದವರು, ಹಿತ್ತಲಾಚೆ ಹಳ್ಳ ಹರಿಯುವ ಸದ್ದು ಕೇಳಿ ಬೆಳೆದವರು. ಕೆಲವರು ಕರಾವಳಿಯವರು. ಇನ್ನು ಕೆಲವರು ಬಯಲುಸೀಮೆಯವರು, ಕೆರೆ ತುಂಬಿತೆಂದರೆ ಊರಿಗೆ ಊರೇ ಏರಿಯ ಮೇಲೆ ನೆರೆಯುವುದನ್ನು ಕಂಡವರು. ನೀರಿನ ಪಕ್ಕ ಬಾಳಬೇಕೆಂಬ ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ಹಗಲೆಲ್ಲ ಪರದೆಯನ್ನೇ ನೋಡುವ ಕಣ್ಣು ಸಂಜೆಯಾದರೂ ಒಂದಿಷ್ಟು ದೂರ ಹಾಯಬೇಕು ಎನ್ನುವುದು ನ್ಯಾಯವಾದ ಆಸೆ.

ಆಫೀಸು ಹತ್ತಿರವಿರಬೇಕೆಂಬ ಆಸೆಯೂ ಅಷ್ಟೇ ನ್ಯಾಯವಾದದ್ದು. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆ ಸುಮಾರು 17 ಕಿಲೋಮೀಟರ್. ಬೆಳಗಿನ ಹೊತ್ತಿನಲ್ಲಿ ಅದನ್ನು ದಾಟುವ ಕಷ್ಟ 500-ಡಿ ಬಸ್ಸಿನಲ್ಲಿ ನಿಂತು ಹೋಗುವವರಿಗೂ ಗೊತ್ತು, ಕಾರಿನಲ್ಲಿ ಕೂತು ಹೋಗುವವರಿಗೂ ಗೊತ್ತು. ಮಕ್ಕಳು ಏಳುವ ಮುಂಚೆ ಹೊರಟು ಅವರು ಮಲಗಿದ ಮೇಲೆ ಮನೆ ಸೇರುವ ಬಾಳು ಯಾರಿಗೂ ಬೇಡ. ಹಾಗಾಗಿ ಬೆಳ್ಳಂದೂರು, ವರ್ತೂರು, ಹರಳೂರು, ಕಸವನಹಳ್ಳಿ, ಪಣತ್ತೂರುಗಳ ಕಡೆ ನಿಮ್ಮ ಕಣ್ಣು ಹರಿಯುವುದು ಸಹಜ. ಕೆಲಸವೂ ಹತ್ತಿರ, ಕೆರೆಯೂ ಹತ್ತಿರ. ಜಾಹೀರಾತಿನಲ್ಲಿ ನೀಲಿ ನೀರು, ದಡದಲ್ಲಿ ಹಸಿರು, ಮೇಲೆ ಹಾರುವ ಬೆಳ್ಳಕ್ಕಿಗಳ ಸಾಲು ಇರುತ್ತದೆ.

ನಾನು ಇದೇ ಸೀಮೆಯವನು. ಈ ಕೆರೆಗಳ ಕೆಳಗೆ ಭತ್ತ ಬೆಳೆದವರ ನಡುವೆ ಬೆಳೆದವನು. ನಿಮ್ಮನ್ನು ತಡೆಯಲು ಈ ಪತ್ರ ಬರೆಯುತ್ತಿಲ್ಲ. ನೀವು ಬಂದೇ ಬರುತ್ತೀರಿ, ಬರಬೇಕು ಕೂಡ. ಬರುವ ಮೊದಲು ಈ ಕೆರೆ ಏನು, ಅದಕ್ಕೆ ಏನು ಬೇಕು ಎಂಬುದನ್ನು ತಿಳಿದು ಬನ್ನಿ ಎಂದು ಕೇಳಿಕೊಳ್ಳುವುದಷ್ಟೇ ನನ್ನ ಉದ್ದೇಶ. ನಾನು ಹೇಳಬೇಕಾದ ಮಾತು ಒಂದೇ: ಕೆರೆಗೆ ಅದರ ಜಾಗ ಬಿಟ್ಟ ಕಡೆ ಮಾತ್ರ ಕೆರೆ ಪಕ್ಕದ ಮನೆ ಮನೆಯಾಗಿ ಉಳಿಯುತ್ತದೆ.

ಮೊದಲು ನೆಲದ ಸಂಗತಿ. ಬೆಂಗಳೂರಿಗೆ ನದಿಯ ದಡವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತ ಊರು ಇದು. ಬಿದ್ದ ಮಳೆ ನಾಲ್ಕೂ ದಿಕ್ಕಿಗೆ ಇಳಿದು ಹೋಗುತ್ತದೆ. ಹಾಗೆ ಇಳಿಯುವ ನೀರನ್ನು ಹಿಂದಿನವರು ಕಣಿವೆಯುದ್ದಕ್ಕೂ ಅಡ್ಡಗಟ್ಟಿದರು. ಒಂದು ಕೆರೆ ತುಂಬಿದರೆ ಅದರ ಕೋಡಿಯ ನೀರು ಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗಬೇಕು, ಅದು ತುಂಬಿದರೆ ಅದರಾಚೆಯ ಕೆರೆಗೆ. ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಇಂಥ ಕೆರೆಗಳ ಸರಣಿ ಹರಡಿಕೊಂಡಿದೆ. ನೀವು ಮನೆ ನೋಡುತ್ತಿರುವುದು ಮೊದಲನೆಯ ಕಣಿವೆಯ ತಳದಲ್ಲಿ. ನಗರದ ನಡುಭಾಗದಿಂದ, ದಕ್ಷಿಣದಿಂದ, ಪೂರ್ವದಿಂದ ಇಳಿದ ನೀರೆಲ್ಲ ಬೆಳ್ಳಂದೂರು ಕೆರೆಗೆ ಸೇರಿ, ಅಲ್ಲಿಂದ ವರ್ತೂರು ಕೆರೆಗೆ ಹೋಗಿ, ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿಗೆ ಹರಿಯುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ನಗರದಲ್ಲೇ ದೊಡ್ಡದು.

ಕೆರೆಯೆಂದರೆ ನೀರು ನಿಂತ ಗುಂಡಿಯಷ್ಟೇ ಆಗಿದ್ದರೆ ಅದರ ಅಂಚಿನಲ್ಲಿ ಎಲ್ಲಿ ಬೇಕಾದರೂ ಮನೆ ಕಟ್ಟಬಹುದಿತ್ತು. ಆದರೆ ಕೆರೆಗೆ ಅಂಗಗಳಿವೆ. ನೀರು ತಡೆದು ನಿಲ್ಲಿಸುವ ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದದ್ದನ್ನು ಹೊರಹಾಕುವ ಕೋಡಿ, ನೀರು ತರುವ ಮತ್ತು ಒಯ್ಯುವ ರಾಜಕಾಲುವೆ, ಬೇಸಿಗೆಯಲ್ಲಿ ಒಣಗಿ ಮಳೆಗಾಲದಲ್ಲಿ ಮುಳುಗುವ ಕೆರೆಯಂಗಳ, ಏರಿಯ ಕೆಳಗಿನ ಅಚ್ಚುಕಟ್ಟು. ಯಾವ ತೂಬನ್ನು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಇದೆಲ್ಲ ನಿನ್ನೆ ಮೊನ್ನೆಯ ಏರ್ಪಾಡೂ ಅಲ್ಲ. ನೀವು ದಿನವೂ ಹಾದುಹೋಗುವ ಅಗರದಲ್ಲಿ ಸಿಕ್ಕ ಒಂಬತ್ತನೇ ಶತಮಾನದ ಕನ್ನಡ ಶಾಸನವೊಂದು ಎರಡು ಕೆರೆಗಳಿಗೆ ತೂಬು ಇಡಿಸಿ ಇನ್ನೊಂದು ಕೆರೆ ಕಟ್ಟಿಸಿದವನಿಗೆ ಸಂದ ದತ್ತಿಯನ್ನು ಹೇಳುತ್ತದೆ. ಸಾವಿರ ವರ್ಷಕ್ಕೂ ಹಿಂದೆಯೇ ಈ ಕಣಿವೆಯವರು ಕೆರೆ ಕಟ್ಟಿದವನನ್ನು ಕಲ್ಲಿನಲ್ಲಿ ಬರೆದು ನೆನೆದಿದ್ದಾರೆ.

ಆ ನೆನಪನ್ನು ನಗರ ಉಳಿಸಿಕೊಳ್ಳಲಿಲ್ಲ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ, ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಮೈದಾನ. ಕೆರೆಗಳನ್ನು ಉಳಿಸಬೇಕೆಂದು ಎನ್. ಲಕ್ಷ್ಮಣರಾವ್ ಸಮಿತಿ 1980ರ ದಶಕದಲ್ಲೇ ಶಿಫಾರಸು ಮಾಡಿತ್ತು. ಅದಾದ ಮೇಲೂ ಸಮಿತಿಗಳು, ಸದನ ಸಮಿತಿಗಳು, ಹೈಕೋರ್ಟಿನ ಆದೇಶಗಳು ಬಂದವು. ಆದರೂ ಮೇಲಿನ ಕೆರೆಗಳು ಒಂದೊಂದಾಗಿ ಮುಚ್ಚಿಹೋದವು, ಅವು ಹಿಡಿದಿಡುತ್ತಿದ್ದ ನೀರೆಲ್ಲ ನೇರವಾಗಿ ಕೆಳಗಿನ ಕೆರೆಗೆ ಬಂದು ಬೀಳತೊಡಗಿತು. ನೀವು ಕೊಳ್ಳಹೊರಟ ಮನೆ ಇರುವುದು ಆ ಕೆಳಗಿನ ಕೆರೆಯ ಪಕ್ಕದಲ್ಲಿ. ಮೇಲೆ ಏನೇನು ಹೋಯಿತೋ ಅದರ ಫಲವನ್ನು ಉಣ್ಣುವ ಜಾಗ ಅದು.

ಮಳೆನೀರಿನ ಜೊತೆ ಕೊಳಚೆಯೂ ಬಂತು. ಬೆಂಗಳೂರು ಕುಡಿಯುವುದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು. ಆ ನೀರನ್ನು ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಅಷ್ಟನ್ನೂ ಶುದ್ಧಮಾಡುವ ವ್ಯವಸ್ಥೆ ಊರು ಬೆಳೆದ ವೇಗಕ್ಕೆ ಬೆಳೆಯಲಿಲ್ಲ. ಉಳಿದದ್ದು ರಾಜಕಾಲುವೆಗೆ ಬಿತ್ತು, ಅಲ್ಲಿಂದ ಬೆಳ್ಳಂದೂರಿಗೆ ಬಂತು. ಬಟ್ಟೆ ಪಾತ್ರೆ ತೊಳೆಯುವ ಪುಡಿಗಳ ಅಂಶ ತುಂಬಿದ ನೀರು ಕೋಡಿಯಲ್ಲಿ ಎತ್ತರದಿಂದ ಧುಮುಕಿದಾಗ ನೊರೆ ಏಳುತ್ತದೆ. ಯಮಲೂರಿನ ಸೇತುವೆಯ ಬಳಿ, ವರ್ತೂರು ಕೋಡಿಯ ಬಳಿ ಆ ನೊರೆ ಬೆಟ್ಟದಂತೆ ಎದ್ದು ರಸ್ತೆಗೆ ಹಾರಿ ದ್ವಿಚಕ್ರ ವಾಹನದವರ ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು.

ನೀರಿಗೆ ಬೆಂಕಿ ಬಿದ್ದದ್ದನ್ನೂ ಕಂಡೆವು. 2015ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆಯ ಜೊಂಡು, ಕಸ ಹೊತ್ತಿ ಉರಿದು ಹೊಗೆ ಸುತ್ತಲಿನ ಬಡಾವಣೆಗಳನ್ನೆಲ್ಲ ತುಂಬಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ ಕಾಣಿಸಿಕೊಂಡಾಗ ಅದನ್ನು ನಂದಿಸಲು ಸೇನೆಯ ಯೋಧರು ಬರಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವತಃ ಪ್ರಕರಣ ಕೈಗೆತ್ತಿಕೊಂಡು, 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ ನೇಮಿಸಿತು. ಅದಾದ ಮೇಲೆ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ದೊಡ್ಡ ಕೆಲಸವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕೈಗೊಂಡಿತು. ಒಂದು ತಲೆಮಾರು ಕೆಡಿಸಿದ್ದನ್ನು ಸರಿಪಡಿಸುವ ಕೆಲಸ ಎಷ್ಟು ದೊಡ್ಡದು, ಎಷ್ಟು ನಿಧಾನದ್ದು ಎಂಬುದು ಲಾರಿಗಟ್ಟಲೆ ಹೂಳು ಹೋಗುವುದನ್ನು ನೋಡಿದವರಿಗೆ ಗೊತ್ತು.

ಇದನ್ನು ನಿಮ್ಮನ್ನು ಹೆದರಿಸಲೆಂದು ಹೇಳುತ್ತಿಲ್ಲ. ನಿಮ್ಮ ಬಾಲ್ಕನಿಯಿಂದ ಕಾಣುವ ನೀರಿಗೂ ನಿಮ್ಮ ಬಚ್ಚಲಿನ ನೀರಿಗೂ ಇರುವ ನಂಟು ನಿಮಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಕೆರೆ ಪಕ್ಕದ ಸಮುಚ್ಚಯದ ಕೊಳಚೆ ಶುದ್ಧೀಕರಣ ಘಟಕ ಕೆಟ್ಟು ನಿಂತರೆ ಅದರ ನೀರು ಹೋಗುವುದು ಆ ಕೆರೆಗೇ. ಅಲ್ಲಿಗೂ ಅದು ನಿಲ್ಲುವುದಿಲ್ಲ. ಇದೇ ನೀರು ಹೊಸೂರಿನ ಸಮೀಪದ ಕೆಲವರಪಳ್ಳಿ ಅಣೆಕಟ್ಟೆಗೆ ಹೋಗಿ ಅಲ್ಲಿಯೂ ನೊರೆಯಾಗುತ್ತದೆ, ಅಲ್ಲಿನ ರೈತರ ಗದ್ದೆಗೆ ಹರಿಯುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕಡೆಯ 126 ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಅದರ ಗುರಿ. ನೀವು ಬಳಸಿ ಬಿಟ್ಟ ನೀರನ್ನು ನಂಬಿ ಬೋರ್‌ವೆಲ್ ಕೊರೆಸಿಕೊಂಡ ರೈತ ಅಲ್ಲಿದ್ದಾನೆ. ಕೆರೆ ಪಕ್ಕ ಮನೆ ಮಾಡುವವರು ಅವನಿಗೂ ನೆರೆಯವರೇ.

ಇನ್ನು ನೆರೆ ನೀರಿನ ಮಾತು. 2022ರ ಸೆಪ್ಟೆಂಬರ್ 4ರ ರಾತ್ರಿ ಶುರುವಾದ ಮಳೆ ಬೆಳಗಾಗುವಷ್ಟರಲ್ಲಿ 130 ಮಿಲಿಮೀಟರ್ ದಾಟಿತ್ತು. ಮೇಲಿನ ಕೆರೆಗಳು ಕೋಡಿ ಬಿದ್ದವು. ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂತು. ಆ ದಾರಿಯಲ್ಲಿ ಈಗ ಬಡಾವಣೆಗಳಿದ್ದವು, ನೆಲಮಾಳಿಗೆಯ ಪಾರ್ಕಿಂಗ್ ಇತ್ತು, ಅಗಲ ರಸ್ತೆಗಳಿದ್ದವು. ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರತಂದರು. ಟೆಕ್ ಪಾರ್ಕುಗಳಿಗೆ ಹೋಗುವವರೂ ಟ್ರ್ಯಾಕ್ಟರ್ ಹತ್ತಿದರು. ಕಚೇರಿಗೆ ಹತ್ತಿರವೆಂದು ಕೊಂಡ ಮನೆಯಿಂದ ಕಚೇರಿಗೆ ಹೋಗಲಾಗಲಿಲ್ಲ. ಕೆಲವರಿಗೆ ಮನೆಯೊಳಗೆ ಇರಲೂ ಆಗಲಿಲ್ಲ. ನೆಲಮಹಡಿಯ ಗೋಡೆಯ ತೇವ ಆರಲು ತಿಂಗಳುಗಳು ಬೇಕಾದವು. ಮಳೆ ಜೋರಾಗಿತ್ತು ನಿಜ. ಆದರೆ ಕಾಲುವೆಯ ಅಗಲ ಕಿತ್ತುಕೊಂಡಿದ್ದರಿಂದಲೇ ಮಳೆ ನೆರೆಯಾಯಿತು. ಅಷ್ಟೇ ಮಳೆ ಕಣಿವೆ ತೆರೆದಿದ್ದ ಕಾಲದಲ್ಲಿ ಬಿದ್ದಿದ್ದರೆ ಕೆರೆಗಳು ತುಂಬಿ ಊರವರು ಬಾಗಿನ ಬಿಡುತ್ತಿದ್ದರು.

ಇದೇ ಕಡೆಯ ಮನೆಗಳು 2024ರ ಬೇಸಿಗೆಯಲ್ಲಿ ನೀರಿಲ್ಲದೆ ಟ್ಯಾಂಕರಿಗಾಗಿ ಕಾದವು. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರಿನ ದರಕ್ಕೆ ಸರ್ಕಾರ ಮಿತಿ ಹಾಕಬೇಕಾಯಿತು. ಮಹಾನಗರಕ್ಕೆ ಸೇರಿ ವರ್ಷಗಳೇ ಕಳೆದಿದ್ದ ಹೊರವಲಯದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಮಳೆಗಾಲದಲ್ಲಿ ಮುಳುಗುವ ಊರೇ ಬೇಸಿಗೆಯಲ್ಲಿ ಬಾಯಾರುತ್ತದೆ. ಕೆರೆಯಂಗಳ ಕುಗ್ಗಿದರೆ ನೀರಿಗೆ ನಿಲ್ಲಲು ಜಾಗವಿಲ್ಲ, ನೆಲಕ್ಕೆ ಇಂಗಲು ಸಮಯವಿಲ್ಲ. ಎರಡೂ ಕಷ್ಟಗಳ ಬೇರು ಒಂದೇ.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಹುದು. 2016ರ ಮೇ 4ರಂದು ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕೆಂದಿತು. ಈ ಅಗರ–ಬೆಳ್ಳಂದೂರು ಕೆರೆಗಳ ನಡುವಿನ ನಿರ್ಮಾಣದ ವಿವಾದದಿಂದಲೇ ಹುಟ್ಟಿದ ಆದೇಶ ಅದು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿ, 2015ರ ಪರಿಷ್ಕೃತ ಮಹಾಯೋಜನೆಯ ಅಳತೆಯೇ ಸಾಕೆಂದಿತು: ಕೆರೆಯ ಅಂಚಿನಿಂದ 30 ಮೀಟರ್, ರಾಜಕಾಲುವೆ ಪ್ರಾಥಮಿಕವಾದರೆ ಅದರ ನಡುವಿನಿಂದ 50 ಮೀಟರ್, ದ್ವಿತೀಯ ಹಂತದ್ದಾದರೆ 25, ತೃತೀಯ ಹಂತದ್ದಾದರೆ 15. ಈ ಅಳತೆಗಳನ್ನು ಬದಲಿಸುವ ಪ್ರಯತ್ನಗಳು ಆಗಾಗ ನಡೆಯುತ್ತಲೇ ಇರುತ್ತವೆ. ಹಾಗಾಗಿ ಕೊಳ್ಳುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ನಿಮ್ಮ ಸ್ವಂತ ವಕೀಲರನ್ನು ಕೇಳಿ, ಬಿಲ್ಡರ್ ಕೊಟ್ಟ ವಕೀಲರ ಅಭಿಪ್ರಾಯವೊಂದನ್ನೇ ನಂಬಬೇಡಿ. ಇನ್ನೊಂದು ಮಾತು. 30 ಮೀಟರ್ ಎಂಬುದು ಆ ಮಹಾಯೋಜನೆ ಕೇಳಿದ ಕನಿಷ್ಠ ದೂರ. ಕೋಡಿ ಹರಿಯುವ ರಾತ್ರಿ ನೀರು ಆ ಗೆರೆ ನೋಡಿ ನಿಲ್ಲುವುದಿಲ್ಲ. ಕಾಗದದ ಮೇಲೆ ಸರಿಯಿರುವ ಮನೆಯೂ ತಗ್ಗಿನಲ್ಲಿದ್ದರೆ ಮುಳುಗುತ್ತದೆ.

ಗೆರೆ ದಾಟಿದ ಕಡೆ ಏನಾಗುತ್ತದೆ ಎಂಬುದನ್ನು 2016ರ ಆಗಸ್ಟಿನಲ್ಲಿ ನೋಡಿದೆವು. ರಾಜಕಾಲುವೆ ಒತ್ತುವರಿ ತೆರವೆಂದು ನಗರದ ದಕ್ಷಿಣದ ಅವನಿ ಶೃಂಗೇರಿ ನಗರ ಮೊದಲಾದ ಕಡೆ ಜೆಸಿಬಿಗಳು ಮನೆಗಳನ್ನು ಕೆಡವಿದವು. ಮನೆ ಕಳೆದುಕೊಂಡವರು ನಿಮ್ಮಂಥವರೇ. ಸಾಲ ಮಾಡಿದವರು, ಖಾತೆ ಮಾಡಿಸಿಕೊಂಡವರು, ತೆರಿಗೆ ಕಟ್ಟಿದವರು. ನಿವೇಶನ ಮಾಡಿ ಮಾರಿದವರು ಅಷ್ಟರಲ್ಲಿ ದುಡ್ಡು ಎಣಿಸಿಕೊಂಡು ಹೋಗಿಯಾಗಿತ್ತು. ನಕ್ಷೆಗೆ ಸಹಿ ಹಾಕಿದ ಅಧಿಕಾರಿಗಳ ಮೇಲೆ ಕ್ರಮವೆಂಬ ಮಾತು ಕೇಳಿಬಂತು, ಆದರೆ ಸಾಲದ ಕಂತು ಕಟ್ಟುತ್ತಲೇ ಉಳಿದವರು ಮನೆ ಹೋದವರು. ಇದು ಅನ್ಯಾಯ. ಕಾಲುವೆ ನುಂಗಿದವನಿಗೂ ಅದಕ್ಕೆ ಒಪ್ಪಿಗೆ ಕೊಟ್ಟವನಿಗೂ ಆಗಬೇಕಾದ ಶಿಕ್ಷೆ ನಂಬಿ ಕೊಂಡವನ ಮೇಲೆ ಬೀಳಬಾರದು. ಆ ನ್ಯಾಯ ಸಿಗುವವರೆಗೆ ನಿಮ್ಮನ್ನು ಕಾಯುವುದು ನಿಮ್ಮ ಎಚ್ಚರವೊಂದೇ.

ಎಚ್ಚರವೆಂದರೆ ಏನು ಮಾಡಬೇಕೆಂದು ಹೇಳುತ್ತೇನೆ. ಮೊದಲಿಗೆ ಜಾಗದ ಸರ್ವೆ ನಂಬರ್ ಕೇಳಿ. ಯೋಜನೆಯ ಹೆಸರು ಎಷ್ಟೇ ಸೊಗಸಾಗಿರಲಿ, ನೆಲಕ್ಕೆ ಇರುವ ಹೆಸರು ಸರ್ವೆ ನಂಬರೇ. ಅದನ್ನು ಹಿಡಿದು ಹಳೆಯ ಗ್ರಾಮ ನಕ್ಷೆ ತೆಗೆಸಿ. ಕೆರೆ ಎಲ್ಲಿದೆ, ಹಳ್ಳದ ಜೋಡಿಗೆರೆ ಎಲ್ಲಿ ಹಾಯುತ್ತದೆ, ನಿಮ್ಮ ಕಟ್ಟಡ ಆ ಗೆರೆಗೆ ಎಷ್ಟು ಹತ್ತಿರ ಎಂಬುದು ಅದರಲ್ಲಿ ಕಾಣುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ ಜಾಗದಲ್ಲಿ ನಿಂತೇ ನೋಡಬಹುದು. ಪಹಣಿ, ಆಕಾರ್‌ಬಂದ್‌ಗಳಲ್ಲಿ ಖರಾಬಿನ ಕಲಂ ಬಿಡಬೇಡಿ. ಬಿ ಖರಾಬು ಎಂದಿದ್ದರೆ ಅದು ದಾರಿ, ಹಳ್ಳ, ಕಾಲುವೆ, ಕೆರೆಯಂಥ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ನೆಲ, ಮಾರಲು ಯಾರಿಗೂ ಹಕ್ಕಿಲ್ಲ. ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ರೇರಾ ನೋಂದಣಿ ಇವನ್ನೆಲ್ಲ ಎಲ್ಲರೂ ನೋಡುತ್ತಾರೆ. ಸ್ವಾಧೀನಾನುಭವ ಪತ್ರವನ್ನು ಮಾತ್ರ ಮುಂದೆ ಬರುತ್ತದೆ ಬಿಡಿ ಎಂಬ ಭರವಸೆಯ ಮೇಲೆ ಬಿಟ್ಟುಬಿಡುತ್ತಾರೆ. ಆ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಕೈಯಲ್ಲಿ ಹಿಡಿದು ನೋಡಿ.

ಕಾಗದ ನೋಡಿದ ಮೇಲೆ ಕಾಲಿನಿಂದ ನೋಡಿ. ಮಾದರಿ ಫ್ಲ್ಯಾಟಿಗೆ ಹೋಗುವ ಮೊದಲು ಕೆರೆಯ ಸುತ್ತ ಒಂದು ಸುತ್ತು ಬನ್ನಿ. ಏರಿ ಯಾವ ಕಡೆಯಿದೆ, ಕೋಡಿ ಎಲ್ಲಿದೆ, ಕೋಡಿಯಿಂದ ಹೊರಟ ಕಾಲುವೆ ಎಷ್ಟು ದೂರ ತೆರೆದಿದೆ, ಎಲ್ಲಿ ಕಾಂಕ್ರೀಟಿನ ಕೆಳಗೆ ಮಾಯವಾಗುತ್ತದೆ ನೋಡಿ. ಕಾಲುವೆ ಮಾಯವಾಗುವ ಜಾಗದಲ್ಲಿ ಮನೆ ಬೇಡ. ಏರಿಯ ಕೆಳಗಿನ ತಗ್ಗು ಹಿಂದೆ ಗದ್ದೆಯಾಗಿದ್ದ ಜಾಗ, ನೀರು ಹರಿಯಲೆಂದೇ ಇದ್ದದ್ದು. ಅಲ್ಲಿ ನೆಲಮಾಳಿಗೆ ಇರುವ ಕಟ್ಟಡವಿದ್ದರೆ ನೂರು ಸಲ ಯೋಚಿಸಿ. ಕೆರೆಯ ಮೇಲ್ಬದಿಯ ಏರುನೆಲದಲ್ಲಿರುವ ಮನೆ ತುಸು ದೂರವಾದರೂ ಲೇಸು. ಮಟಮಟ ಮಧ್ಯಾಹ್ನ ಹೋಗಿ ನೋಡಿ ಬಂದರೆ ಸಾಲದು, ಗಾಳಿ ನಿಂತ ಸಂಜೆಯಲ್ಲೂ ಹೋಗಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಬೆಳ್ಳಿ, ತಾಮ್ರಗಳನ್ನು ಕಪ್ಪಾಗಿಸುವ ಅನಿಲ ಅದು, ಉಸಿರಿಗೂ ಒಳ್ಳೆಯದಲ್ಲ. ಜೋರು ಮಳೆ ಬಂದ ಮರುದಿನವೂ ಒಮ್ಮೆ ಹೋಗಿ. ಅಲ್ಲಿನ ಚಹಾ ಅಂಗಡಿಯವರನ್ನು, ಸೊಪ್ಪು ಮಾರುವವರನ್ನು, ಸೆಕ್ಯುರಿಟಿ ಕೆಲಸದವರನ್ನು ನೀರು ಎಲ್ಲಿವರೆಗೆ ಬಂದಿತ್ತು ಎಂದು ಕೇಳಿ. ಗೋಡೆಯ ಮೇಲಿನ ಗುರುತನ್ನು ಅವರು ತೋರಿಸುತ್ತಾರೆ.

ಸಮುಚ್ಚಯದ ಸಂಘದವರನ್ನು ಕೊಳಚೆ ಶುದ್ಧೀಕರಣ ಘಟಕಕ್ಕೆ ಕರೆದುಕೊಂಡು ಹೋಗಲು ಹೇಳಿ. ಈಜುಕೊಳ, ಕ್ಲಬ್‌ಹೌಸ್ ತೋರಿಸುವವರು ಅದನ್ನು ತೋರಿಸುವುದಿಲ್ಲ. ಘಟಕ ನಡೆಯುತ್ತಿದೆಯೇ, ಶುದ್ಧವಾದ ನೀರು ಶೌಚಾಲಯಕ್ಕೆ, ಗಿಡಗಳಿಗೆ ಹೋಗುತ್ತಿದೆಯೇ, ಉಳಿದದ್ದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ. ಕಾವೇರಿ ಸಂಪರ್ಕ ಸಿಕ್ಕಿದೆಯೇ, ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ತರಿಸುತ್ತಾರೆ ಎಂದೂ ಕೇಳಿ. ದಾರಿಯ ಲೆಕ್ಕವನ್ನು ಜಾಹೀರಾತಿನ ನಿಮಿಷಗಳಲ್ಲಿ ಹಾಕದೆ, ಸೋಮವಾರ ಬೆಳಿಗ್ಗೆ ನೀವೇ ಮನೆಯಿಂದ ಕಚೇರಿಗೆ ಹೋಗಿ ನೋಡಿ. ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗದ ಮೆಟ್ರೊ 2023ರಿಂದ ಓಡುತ್ತಿದೆ. ಹೊರವರ್ತುಲ ರಸ್ತೆಯ ನೀಲಿ ಮಾರ್ಗ ಪೂರ್ತಿಯಾದ ಮೇಲೆ, ಕೆರೆಯಿಂದ ನಾಲ್ಕು ನಿಲ್ದಾಣ ಆಚೆ ಇರುವವರಿಗೂ ಕಚೇರಿ ಹತ್ತಿರವೇ ಆಗುತ್ತದೆ. ಆಗ ಎಲ್ಲರೂ ಕೆರೆಯ ಅಂಚಿಗೇ ಬಂದು ಕೂರಬೇಕಾಗಿಲ್ಲ.

ಕೆರೆಯ ಪಕ್ಕ ಚೆನ್ನಾಗಿ ಬಾಳಿದವರ ಉದಾಹರಣೆಗಳೂ ಇದೇ ಊರಿನಲ್ಲಿವೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಒಂದು ಕಾಲಕ್ಕೆ ಕೊಳಚೆ, ಕಸ ಸೇರುವ ಜಾಗವಾಗಿತ್ತು. ಸುತ್ತಲಿನ ನಿವಾಸಿಗಳು, ಹಳೆಯ ಊರಿನವರು, ವಿಜ್ಞಾನಿಗಳು, ಪಾಲಿಕೆಯ ಎಂಜಿನಿಯರುಗಳು ಒಟ್ಟಿಗೆ ಕೂತು ಯೋಜನೆ ಮಾಡಿ 2011ರ ಹೊತ್ತಿಗೆ ಅದನ್ನು ಮತ್ತೆ ಕೆರೆಯಾಗಿಸಿದರು. ಜಕ್ಕೂರು ಕೆರೆಯಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕದಿಂದ ಬರುವ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಇನ್ನಷ್ಟು ತಿಳಿಯಾಗಿ ಕೆರೆ ಸೇರುತ್ತದೆ. ಅಲ್ಲಿ ಮೀನುಗಾರರಿಗೆ ಜೀವನವಿದೆ, ಹಕ್ಕಿಗಳಿಗೆ ನೆಲೆಯಿದೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಉಳಿಸಲು ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನಿರ್ವಹಣೆ ವಹಿಸಿಕೊಂಡರು. ಪಕ್ಕದ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರನ್ನೇ ಕೆರೆಗೆ ಬಿಡುವ ಏರ್ಪಾಡನ್ನೂ ಮಾಡಿದರು. ಈ ಮೂರೂ ಕಡೆ ಕೆಲಸ ಮಾಡಿದವರಲ್ಲಿ ನಿಮ್ಮ ಹಾಗೆ ಕಚೇರಿಗೆ ಹೋಗಿ ಬರುವವರು, ಮನೆ ನಡೆಸುವವರು, ನಿವೃತ್ತರು ಎಲ್ಲರೂ ಇದ್ದಾರೆ. ದೊಡ್ಡ ಅಧಿಕಾರವೇನೂ ಅವರ ಕೈಯಲ್ಲಿರಲಿಲ್ಲ. ಕೆರೆ ತಮ್ಮ ಜವಾಬ್ದಾರಿಯೂ ಹೌದೆಂದು ಅವರು ತಿಳಿದರು, ಬಿಡದೆ ಓಡಾಡಿದರು.

ಅಲ್ಲಿಂದ ನಾವು ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಕೆರೆ ಬೆಳಗಿನ ವಾಯುವಿಹಾರದವರದ್ದು ಮಾತ್ರವಲ್ಲ. ಬಲೆ ಬೀಸುವವರು, ದನಕ್ಕೆ ಹುಲ್ಲು ಕೊಯ್ಯುವವರು, ಬಟ್ಟೆ ಒಗೆಯುವವರು, ಗಣಪತಿ ಬಿಡುವವರು, ಏರಿಯ ಮೇಲಿನ ಕೆರೆಯಮ್ಮನಿಗೆ ಪೂಜೆ ಮಾಡುವವರು ನೀವು ಬರುವ ಮುಂಚಿನಿಂದ ಅಲ್ಲಿದ್ದಾರೆ. ಹೊಸ ಸಮುಚ್ಚಯ ಬಂದ ಕೂಡಲೇ ಬೇಲಿ ಎದ್ದು, ಗೇಟಿಗೆ ಬೀಗ ಬಿದ್ದು, ಹೊತ್ತುಗೊತ್ತಿನ ಫಲಕ ನಿಂತು, ಹುಲ್ಲಿನ ಕಂತೆ ಹೊತ್ತ ಹೆಂಗಸನ್ನು ಕಾವಲುಗಾರ ತಡೆಯುವುದು ಹಲವು ಕಡೆ ನಡೆದಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕೆರೆಯ ಗುಣ ದೋಷ ಅವರಿಗೆ ಗೊತ್ತಿರುವಷ್ಟು ನಮಗಾರಿಗೂ ಗೊತ್ತಿಲ್ಲ. ಮೀನು ಸತ್ತು ತೇಲಿದರೆ, ರಾತ್ರೋರಾತ್ರಿ ಟ್ಯಾಂಕರ್ ಬಂದು ಕೊಳಚೆ ಸುರಿದು ಹೋದರೆ, ಮಣ್ಣಿನ ಲಾರಿ ಕೆರೆಯಂಗಳಕ್ಕೆ ಇಳಿದರೆ ಮೊದಲು ಕಾಣುವುದು ಅವರ ಕಣ್ಣಿಗೆ.

ಮನೆ ಮಾರುವವರಿಗೂ ಈ ಪತ್ರದಲ್ಲೇ ಒಂದು ಮಾತು. ಕೆರೆಯ ಚಿತ್ರ ಹಾಕಿ ನೀವು ಫ್ಲ್ಯಾಟಿನ ಬೆಲೆ ಏರಿಸುತ್ತೀರಿ. ಅದೇ ಜಾಹೀರಾತಿನಲ್ಲಿ ಕೆರೆಯ ಅಂಚು ಎಲ್ಲಿ, ಕೋಡಿ ಎಲ್ಲಿ, ರಾಜಕಾಲುವೆ ಎಷ್ಟು ಮೀಟರ್ ದೂರ, 2022ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಎಂಬುದನ್ನೂ ಅಚ್ಚು ಹಾಕಿ. ಕೊಳ್ಳುವವರಿಗೆ ಇದನ್ನು ಹೇಳುವುದು ಕಡ್ಡಾಯವಾಗಬೇಕು. ಅನುಮತಿ ಕೊಡುವ ಅಧಿಕಾರಿಗಳು ಕಾಲುವೆಯ ಅಳತೆಯನ್ನು ಕಚೇರಿಯಲ್ಲಿ ಕೂತು ಬರೆಯದೆ ಮಳೆಗಾಲದಲ್ಲಿ ಜಾಗಕ್ಕೆ ಬಂದು ನೋಡಬೇಕು, ತಪ್ಪು ನಕ್ಷೆಗೆ ಬಿದ್ದ ಸಹಿಗೆ ಸಹಿ ಹಾಕಿದವರೇ ಹೊಣೆಯಾಗಬೇಕು. ಆಡಳಿತ ಬಿಬಿಎಂಪಿಯಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ, ಐದು ಪಾಲಿಕೆಗಳಿಗೆ ಹಂಚಿಹೋಗಿರುವ ಈ ಹೊತ್ತಿನಲ್ಲಿ ಇದು ಇನ್ನೂ ಮುಖ್ಯ. ಒಂದು ಪಾಲಿಕೆಯಲ್ಲಿ ಮುಚ್ಚಿದ ಕಾಲುವೆಯ ನೀರು ಇನ್ನೊಂದು ಪಾಲಿಕೆಯ ಮನೆಗಳಿಗೆ ನುಗ್ಗುತ್ತದೆ.

ಮಿತ್ರರೇ, ನೀವು ಕೊಳ್ಳುವ ಮನೆ ನಿಮ್ಮ ಜೀವಮಾನದ ದೊಡ್ಡ ಖರ್ಚು. ಇಪ್ಪತ್ತು ವರ್ಷ ಕಂತು ಕಟ್ಟುತ್ತೀರಿ. ಅಷ್ಟೂ ವರ್ಷ ಆ ಬಾಲ್ಕನಿಯ ಮುಂದೆ ನೀರು ಇರಬೇಕಾದರೆ ಯಾರಾದರೂ ಆ ನೀರಿನ ಕಾಳಜಿ ಮಾಡಬೇಕು, ಅದರ ದಾರಿ ಕಾಯಬೇಕು, ಅದರ ಅಂಗಳ ಬಿಡಿಸಿಕೊಡಬೇಕು. ಒಂದು ಕಾಲದಲ್ಲಿ ಆ ಕೆಲಸಕ್ಕೆ ನೀರುಗಂಟಿ ಇದ್ದ, ಊರು ಅವನಿಗೆ ದವಸ ಅಳೆದು ಕೊಡುತ್ತಿತ್ತು. ಈಗ ಅವನಿಲ್ಲ. ಆ ಜಾಗಕ್ಕೆ ಬಂದು ನೆಲೆಸುವವರು ನೀವು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಗೆರೆಯೊಳಗಿನ ಮನೆಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ. ಕೊಳ್ಳುವವರಿಲ್ಲದಿದ್ದರೆ ಕಟ್ಟುವವರೂ ಇರುವುದಿಲ್ಲ. ಗೆರೆಯಾಚೆ ಏರುನೆಲದಲ್ಲಿ ಒಳ್ಳೆಯ ಮನೆ ಸಿಕ್ಕರೆ ಸಂತೋಷದಿಂದ ಕೊಂಡು ಬನ್ನಿ. ಬಂದ ಮೊದಲ ತಿಂಗಳಲ್ಲೇ ಆ ಕೆರೆಯ ಸಮಿತಿಯಲ್ಲಿ ಹೆಸರು ಬರೆಸಿ, ಸಮಿತಿ ಇಲ್ಲದಿದ್ದರೆ ನೆರೆಯವರನ್ನು ಸೇರಿಸಿ ಒಂದು ಕಟ್ಟಿ. ನಿಮ್ಮ ಸಮುಚ್ಚಯದಿಂದ ಒಂದು ಹನಿ ಕೊಳಚೆಯೂ ಕೆರೆಗೆ ಹೋಗದಂತೆ ನೋಡಿಕೊಳ್ಳುವುದನ್ನೇ ಆ ಸಮಿತಿಯ ಮೊದಲ ಕೆಲಸ ಮಾಡಿಕೊಳ್ಳಿ.

ನಿಮ್ಮ ನೆರೆಯಲ್ಲಿ ಬಾಳುವ,
ವರ್ತೂರು ಸೀಮೆಯ ಒಬ್ಬ ನಿವಾಸಿ